ಲಾವಂಚದ ನೀರು

"ಇದಕ್ಕೆ ನೀರು ಅಂತ ಹೆಸರಿಟ್ಟೋರು ಯಾರು?"

ಅಂಗಳದ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸುಂದರೇಶ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಹೆಂಡತಿ ಭಾನುಮತಿ ಒಳಗೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಮಗಳು ಅಪೂರ್ವ ನಡುಮನೆಯಲ್ಲಿ ಮಲಗಿದ್ದವಳು ಮಗ್ಗುಲು ಬದಲಿಸಿದಳು. ಬೀದಿಯಲ್ಲಿದ್ದ ಒಂದು ಹಸು ಮಾತ್ರ ಕಿವಿ ಅಲ್ಲಾಡಿಸಿತು. ಅದಕ್ಕೂ ಉತ್ತರ ಗೊತ್ತಿದ್ದಂತೆ ಕಾಣಲಿಲ್ಲ.

ನಲ್ಲಿ ಎಂದಿನಂತೆ ಮೊದಲು ಗಮಕಿಯ ಹಾಗೆ ಗಂಟಲು ಸರಿಮಾಡಿಕೊಂಡಿತ್ತು. ಆಮೇಲೆ ಉದ್ದನೆಯ ಆಲಾಪ, ಬರೀ ಗಾಳಿ. ಆಲಾಪ ಮುಗಿದು ಬಂದ ಪದ್ಯ ಮಾತ್ರ ಕೇಳುವ ಹಾಗಿರಲಿಲ್ಲ. ಬಣ್ಣ ನಿನ್ನೆಯ ತಿಳಿಸಾರಿನದು. ವಾಸನೆ ಯಾವ ಅಡುಗೆಯದೂ ಅಲ್ಲ.

ಅಗ್ರಹಾರದ ಆ ಓಣಿಯಲ್ಲಿ ಕುಡಿಯುವ ನೀರಿನ ಕೊಳವೆಯೂ ಒಳಚರಂಡಿಯ ಕೊಳವೆಯೂ ಅಜ್ಜಂದಿರ ಕಾಲದಿಂದ ಚಪ್ಪಡಿಕಲ್ಲಿನ ಕೆಳಗೆ ಅಕ್ಕಪಕ್ಕ ಮಲಗಿದ್ದವು. ಇಷ್ಟು ಕಾಲ ಮಡಿ ಮೈಲಿಗೆ ಕಾಪಾಡಿಕೊಂಡು ಬಂದಿದ್ದ ಅವು ಈಚೆಗೆ ವಯಸ್ಸಾಗಿ, ಮೈ ತೂತಾಗಿ, ಭೇದಭಾವ ಮರೆತುಬಿಟ್ಟಿದ್ದವು. ಓಣಿಯ ಮನುಷ್ಯರಿಗೆ ಬಾರದ ಸಮಬುದ್ಧಿ ಕೊಳವೆಗಳಿಗೆ ಬಂದಿತ್ತು. ಅದರ ಫಲ ಅಪೂರ್ವಳ ಕಣ್ಣಿನಲ್ಲಿ ಕಾಣುತ್ತಿತ್ತು. ಕಾಮಾಲೆ. ಎದುರು ಸಾಲಿನಲ್ಲಿ ಇನ್ನೂ ಇಬ್ಬರು ಮಲಗಿದ್ದರು, ಆದರೆ ಆ ಮನೆಗಳವರು ಅದನ್ನು "ಸ್ವಲ್ಪ ಸುಸ್ತು" ಎನ್ನುತ್ತಿದ್ದರು.

ಕುವೆಂಪುನಗರದ ಡಾಕ್ಟರು ಹುಡುಗಿಯ ರೆಪ್ಪೆ ಎಳೆದು ನೋಡಿ ಹೇಳಿದ್ದರು: "ಔಷಧಿ ನಾನು ಕೊಡ್ತೀನಿ, ನೀರು ನೀವು ನೋಡ್ಕೋಬೇಕು. ಆ ನಲ್ಲಿ ನೀರು ಇನ್ನೊಂದು ಸಲ ಹೊಟ್ಟೆಗೆ ಹೋದ್ರೆ ಆಸ್ಪತ್ರೆಗೇ ಸೇರಿಸ್ಬೇಕಾಗತ್ತೆ."

"ಕಾಯಿಸಿ ಕೊಟ್ರೆ ಡಾಕ್ಟ್ರೇ?"

"ಕಾಯಿಸಿದ್ರೂ ಅದು ಬಿಸಿ ಚರಂಡೀನೇ ಅಲ್ವೇನ್ರೀ."

ಕುಡಿಯುವುದಕ್ಕೆ ಅಂಗಡಿಯಿಂದ ಕ್ಯಾನ್ ತರಬಹುದು. ಬಾಯಿ ಮುಕ್ಕಳಿಸುವುದಕ್ಕೆ, ಅಕ್ಕಿ ತೊಳೆಯುವುದಕ್ಕೆ, ತಟ್ಟೆ ಬೆಳಗುವುದಕ್ಕೆ ಎಷ್ಟು ಕ್ಯಾನ್ ಹೊರುವುದು? ಹಾಗಾಗಿ ಸುಂದರೇಶ ದೂರು ಕೊಟ್ಟ. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಾಡಿ ಅವನ ದನಿ ಪಿಸುಮಾತಿಗಿಂತ ಮೇಲೆ ಏಳುತ್ತಿರಲಿಲ್ಲ. ನೀರಿನ ಕಚೇರಿಯ ಫೋನಿನಲ್ಲಿ ಕೂತ ಹುಡುಗಿ, "ಸ್ವಲ್ಪ ಜೋರಾಗಿ ಅಳಿ ಸಾರ್, ಕೇಳಿಸ್ತಿಲ್ಲ" ಎಂದಿದ್ದಳು. ದೂರು ಕೊಟ್ಟ ಮಾರನೆಯ ದಿನ ಮೊಬೈಲಿಗೆ ಸಂದೇಶ ಬರುತ್ತಿತ್ತು: ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ. ಅವನು ಆ ಸಂದೇಶವನ್ನು ನಲ್ಲಿಯ ಮುಂದೆ ಹಿಡಿದು ನೋಡುತ್ತಿದ್ದ. ನಲ್ಲಿಗೆ ಓದು ಬರುತ್ತಿರಲಿಲ್ಲ.

ಇಂಥ ಸುಳ್ಳು ಪರಿಹಾರಗಳ ಗಲಾಟೆ ಜಾಸ್ತಿಯಾಗಿ, ಮೇಲಿನವರು ಈ ತಿಂಗಳು ಹೊಸ ನಿಯಮ ತಂದಿದ್ದರು. ನೀರು ಕೆಟ್ಟಿದೆ ಎಂದು ದೂರು ಬಂದರೆ ಇಂಜಿನಿಯರು ತಾವೇ ಹೋಗಬೇಕು, ಆ ನೀರನ್ನು ಅಲ್ಲೇ ಕುಡಿಯಬೇಕು, ಕುಡಿಯುತ್ತಿರುವ ಫೋಟೋ ತೆಗೆಸಿ ಕಳಿಸಬೇಕು. ಆಗ ಮಾತ್ರ ದೂರು ಮುಚ್ಚುವುದು. ಕುಡಿಯಲಾಗದಿದ್ದರೆ ಕೊಳವೆಯನ್ನೇ ಬದಲಾಯಿಸುವುದು. ದೂರು ಮುಚ್ಚುವ ತನಕ ಬೀದಿಗೆ ದಿನವೂ ಒಂದು ಟ್ಯಾಂಕರ್ ಒಳ್ಳೆಯ ನೀರು. ಟ್ಯಾಂಕರ್ ಬರತೊಡಗಿದ ಮೇಲೆ ಅಂಗಡಿಯವನು ಕ್ಯಾನ್ ತರಿಸುವುದನ್ನೇ ನಿಲ್ಲಿಸಿದ್ದ. ನಿಯಮ ಕೇಳಿದ ದಿನ ಸುಂದರೇಶ ದೇವರ ಮನೆಯಲ್ಲಿ ಒಂದು ನಮಸ್ಕಾರ ಹೆಚ್ಚಾಗಿ ಹಾಕಿದ್ದ. ಈ ನೀರನ್ನು ಕುಡಿಯಬಲ್ಲ ಇಂಜಿನಿಯರು ಇನ್ನೂ ಹುಟ್ಟಿಲ್ಲ ಎಂಬುದು ಅವನ ನಂಬಿಕೆ.

ಇವತ್ತು ಇಂಜಿನಿಯರು ಬರುವವರಿದ್ದರು. ಒಂದೇ ತೊಡಕು. ನೀರು ಬರುವುದು ಹಾಲಿನವನಿಗಿಂತ ಮುಂಚೆ, ಇಂಜಿನಿಯರು ಬರುವುದು ಬಿಸಿಲೇರಿದ ಮೇಲೆ. ಅದಕ್ಕೇ ಸುಂದರೇಶ ತಾಮ್ರದ ಕೊಳಗದ ತುಂಬ ಆ ನೀರು ಹಿಡಿದು, ತಟ್ಟೆ ಮುಚ್ಚಿ, ಮೇಲೊಂದು ಕಲ್ಲು ಹೇರಿ ಅಂಗಳದ ಮೂಲೆಯಲ್ಲಿಟ್ಟ.

"ಭಾನೂ, ಇದನ್ನ ಯಾರೂ ಮುಟ್ಟಬಾರದು. ಇದು ಸಾಕ್ಷಿ."

"ನಾನ್ಯಾಕ್ರೀ ಮುಟ್ಲಿ? ಆ ವಾಸನೆಗೆ ಅಂಗಳಕ್ಕೇ ಬರಲ್ಲ ನಾನು. ಅಪೂರ್ವಂಗೆ ನಿನ್ನೆ ಟ್ಯಾಂಕರಿನ ನೀರು ಎರಡು ಬಿಂದಿಗೆ ಎತ್ತಿಟ್ಟಿದೀನಿ. ಮಧ್ಯಾಹ್ನದ ಟ್ಯಾಂಕರ್ ಬರೋವರ್ಗೂ ಅಷ್ಟೇ ಗತಿ. ಬೇಗ ಬಂದ್ಬಿಡಿ."

ಗ್ರಂಥಾಲಯದ ಬೀಗದ ಕೈ ಅವನ ಹತ್ತಿರವೇ ಇತ್ತು. ಬಾಗಿಲು ತೆರೆದುಕೊಟ್ಟು, ರಜ ಹೇಳಿ ಬರೋಣವೆಂದು ಹೊರಟ. ಎದುರು ಮನೆಯ ಜಗಲಿಯ ಮೇಲೆ ಮಂಗಳಮ್ಮನವರು ಹೂ ಕಟ್ಟುತ್ತ ಕೂತಿದ್ದರು. ಓಣಿಯ ಯಾವ ಮನೆಗೆ ಯಾರು ಬಂದರೂ ಮೊದಲು ಅವರ ಕಣ್ಣಿಗೆ ಬಿದ್ದೇ ಒಳಗೆ ಹೋಗಬೇಕು.

"ಏನೋ ಸುಂದರೇಶ, ಇಷ್ಟು ಹೊತ್ತಿಗೇ?"

"ಬೇಗ ಹೋಗಿ ಬಂದ್ಬಿಡೋಣ ಅಂತ ಮಾಮಿ. ಇವತ್ತು ಇಂಜಿನಿಯರ್ ಬರ್ತಿದಾರೆ, ನಮ್ಮನೇಲಿ ನೀರು ಕುಡಿಯೋಕೆ."

"ನೀರು ಕುಡಿಯೋಕೆ? ನಮ್ಮ ಬೀದಿಗೆ?" ಮಂಗಳಮ್ಮನವರ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು.

ಸುಂದರೇಶ ಹೂಂ ಎಂದು ಹೊರಟುಹೋದ. ಆ ಮಾತನ್ನು ಅವನು ನೀರಿನ ಕಚೇರಿಯ ಫೋನಿನಲ್ಲಿ ಹೇಳಿದ್ದಷ್ಟು ಮೆಲ್ಲಗೆ ಹೇಳಿದ್ದರೆ ಅರ್ಧ ಅನಾಹುತ ತಪ್ಪುತ್ತಿತ್ತು.

ಅವನು ಹಿಂತಿರುಗಿದಾಗ ಓಣಿ ತಪ್ಪಿ ಬಂದೆನೇನೋ ಅನ್ನಿಸಿತು. ಉಕ್ಕುತ್ತಿದ್ದ ಚರಂಡಿಯ ಮುಚ್ಚಳಕ್ಕೆ ಯಾರೋ ಗೋಣಿತಾಟು ಹಾಸಿ, ಅದರ ಮೇಲೆ ಸೇವಂತಿಗೆಯ ಕುಂಡ ಇಟ್ಟಿದ್ದರು. ಬೀದಿಯುದ್ದಕ್ಕೂ ಫಿನೈಲ್ ಘಮಘಮಿಸುತ್ತಿತ್ತು. ಮನೆ ಮನೆಗೂ ರಂಗೋಲಿ, ಮಾವಿನ ತೋರಣ. ಬ್ಯಾಂಕಿನಿಂದ ನಿವೃತ್ತರಾಗಿ ಬೀದಿಯ ಸಂಘಕ್ಕೆ ತಾವಾಗಿಯೇ ಅಧ್ಯಕ್ಷರಾಗಿದ್ದ ವಾಗೀಶರು ಜರಿಶಾಲು ಹೊದ್ದು, ಕೈಯಲ್ಲಿ ಹಾರ ಹಿಡಿದು ಮದುವೆ ಮನೆಯ ಬೀಗರಂತೆ ನಿಂತಿದ್ದರು.

"ಏನ್ ಸಾರ್ ಇದೆಲ್ಲ?"

"ಏನಯ್ಯಾ, ಅಧಿಕಾರಿ ನಮ್ಮ ಬೀದಿಗೆ ಕಾಲಿಡ್ತಿರೋದು ಇದೇ ಮೊದಲು. ಗಲೀಜಾಗಿ ಕಂಡ್ರೆ ಏನಂದ್ಕೋತಾರೆ?"

"ಗಲೀಜು ಕಾಣ್ಲಿ ಅಂತಾನೇ ಕರೆಸಿದ್ದು ಸಾರ್."

"ಗಲೀಜು ನಮ್ಮ ನಮ್ಮ ಮನೇದು ಕಣಯ್ಯ. ಮರ್ಯಾದೆ ಬೀದಿದು. ನೀನು ಸುಮ್ನಿರು, ಭಾಷಣ ನಾನು ಮಾಡ್ತೀನಿ."

ಮರುಮಾತಿಗೆ ಸಮಯವಿರಲಿಲ್ಲ. ಇಂಜಿನಿಯರ್ ದಿಲೀಪರ ಬೈಕು ಬಂದು ನಿಂತಿತು. ಹಿಂದೆ ಕೂತಿದ್ದವನು ಬೀದಿ ಬೀದಿಗೆ ನೀರಿನ ವಾಲ್ವ್ ತಿರುಗಿಸುವ ಮೂಗಯ್ಯ. ದಿಲೀಪರಿಗೆ ಇನ್ನೂ ಎಳೆ ವಯಸ್ಸು. ಮುಖ ಮಾತ್ರ ವಿಷ ಕುಡಿಯಲು ಹೊರಟವರ ಹಾಗೆ ಬಾಡಿತ್ತು. ವಾಗೀಶರು ಹಾರ ಹಾಕಿದಾಗ ಅವರು ಬೆಚ್ಚಿದ್ದು ಅದಕ್ಕೇ ಇರಬೇಕು. ಬದುಕಿರುವಾಗಲೇ ಹಾರವೆಂದರೆ ಯಾರಿಗಾದರೂ ಭಯವೇ.

"ಸಾಹೇಬ್ರು ಮಾತ್ರೆ ನುಂಗ್ಕಂಡೇ ಬಂದವ್ರೆ ಸಾ," ಎಂದು ಮೂಗಯ್ಯ ಸುಂದರೇಶನ ಕಿವಿಯಲ್ಲಿ ಹೇಳಿದ. "ಹೋದ್ವಾರ ಇಂಗೇ ಒಂದ್ಕಡೆ ಕುಡಿದ್ಬುಟ್ಟು ಮೂರು ದಿನ ಮೇಲೇಳ್ನಿಲ್ಲ."

ಸುಂದರೇಶನ ಎದೆ ಹಿಗ್ಗಿತು. ದಿಲೀಪರನ್ನು ಕೈ ಹಿಡಿದೇ ಅಂಗಳಕ್ಕೆ ಕರೆತಂದ. ಓಣಿಯೆಲ್ಲ ಹಿಂದೆ ಬಂತು. ಇಷ್ಟು ಜನರ ಮುಂದೆ ಮಾತನಾಡಿ ಅವನಿಗೆ ಅಭ್ಯಾಸವಿಲ್ಲ. ಆದರೂ ಮಗಳ ಮುಖ ನೆನೆದು, ಇದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದ:

"ಸಾರ್, ನಾನು ವರ್ಣಿಸೋದು ಬೇಡ. ಇದೇ ನಮ್ಮ ನೀರು. ನೀವೇ ನೋಡಿ, ನೀವೇ ಮೂಸಿ, ಆಗೋದಾದ್ರೆ ನೀವೇ ಕುಡೀರಿ."

ತಟ್ಟೆ ತೆಗೆದ.

ಕೊಳಗ ಹೊಸ ಮದುಮಗಳ ಹಾಗೆ ಥಳಥಳ ಹೊಳೆಯಿತು. ಒಳಗೆ ಕನ್ನಡಿಯಂಥ ನೀರು. ನೀರಿನಲ್ಲಿ ಲಾವಂಚದ ಒಂದು ಸಣ್ಣ ಕಂತೆ ತೇಲುತ್ತಿತ್ತು, ಜೊತೆಗೆ ಎರಡು ತುಳಸೀದಳ. ಅಂಗಳವೆಲ್ಲ ಗರ್ಭಗುಡಿಯ ಹಾಗೆ ಪರಿಮಳಿಸಿತು.

ಸುಂದರೇಶ ತಟ್ಟೆ ಹಿಡಿದುಕೊಂಡು ಹಾಗೇ ನಿಂತ. ದಿಲೀಪರ ಮುಖಕ್ಕೆ ಜೀವ ಬಂತು. ಒಂದು ಲೋಟ ಕುಡಿದರು. ಕಣ್ಣು ಮುಚ್ಚಿ ಇನ್ನೊಂದು ಲೋಟ ಕುಡಿದರು. ಮೂಗಯ್ಯ ಫೋಟೋ ತೆಗೆದ. ವಾಗೀಶರು ಫೋಟೋದಲ್ಲಿ ಬರಲೆಂದು ಪಕ್ಕಕ್ಕೆ ಬಂದು ನಿಂತರು.

"ನಮ್ಮನೇಲೂ ಇಂಥ ನೀರಿಲ್ಲ ಸಾರ್," ಎಂದರು ದಿಲೀಪ್, ಬಾಯಿ ಒರೆಸಿಕೊಂಡು.

"ಇದು... ಇದು ಆ ನೀರಲ್ಲ," ಎಂದ ಸುಂದರೇಶ.

"ಮತ್ತೆ ಯಾವ ನೀರು?"

"ನಮ್ಮ ನೀರೇ ಕಣಪ್ಪ, ಇನ್ಯಾರ ಮನೇದು?" ಎಂದರು ಮಂಗಳಮ್ಮನವರು. ಆಮೇಲೆ ಸುಂದರೇಶನನ್ನು ಪಕ್ಕಕ್ಕೆ ಎಳೆದರು. "ಬಂದ ಅತಿಥಿ ಮುಂದೆ ಆ ಕೊಚ್ಚೆ ಇಡ್ತಾರೇನೋ? ನಿನ್ನ ಹೆಂಡ್ತಿ ಬೇಡ ಬೇಡ ಅಂತಾನೇ ಇದ್ಲು. ನಾನೇ ಚೆಲ್ಲಿ, ಹುಣಿಸೇಹಣ್ಣು ಹಾಕಿ ಉಜ್ಜಿ, ಒಳಗಿದ್ದ ಎರಡು ಬಿಂದಿಗೆನೂ ಸುರಿದೆ. ಇಲ್ದಿದ್ರೆ ಇವತ್ತು ನಿನ್ನ ಮಾನ ಹೋಗ್ತಿತ್ತು."

"ಮಾಮೀ, ಅದು ಅಪೂರ್ವಂಗೆ ಇಟ್ಟಿದ್ದು."

"ಟ್ಯಾಂಕರ್ ಬರತ್ತಲ್ಲೋ."

ಸುಂದರೇಶ ಭಾನುಮತಿಯ ಕಡೆ ನೋಡಿದ. ಭಾನುಮತಿ ನೆಲ ನೋಡಿದಳು. ಅಷ್ಟರಲ್ಲಿ, ಇಷ್ಟು ಘಮಘಮಿಸುವ ನೀರು ಕಂಡು ಎಷ್ಟೋ ದಿನವಾಗಿದ್ದ ಓಣಿಯವರು, ಅಧಿಕಾರಿಗಳ ತರುವಾಯ ತೀರ್ಥಕ್ಕೆ ನಿಂತಂತೆ ಸಾಲಾಗಿ ನಿಂತು ಒಂದೊಂದು ಲೋಟ ಎತ್ತಿದರು. ಕೊಳಗದ ತಳದಲ್ಲಿ ಲಾವಂಚದ ಬೇರು ಮಾತ್ರ ಉಳಿಯಿತು.

"ಸಾರ್, ಬಚ್ಚಲಿಗೆ ಬನ್ನಿ," ಎಂದು ಸುಂದರೇಶ ಇಂಜಿನಿಯರ ತೋಳು ಹಿಡಿದ. "ಕಕ್ಕಸಿಗೆ ಅಂತ ಒಂದು ಬಕೆಟ್ ಹಿಡಿದಿಟ್ಟಿದೀನಿ. ಅದು ಅಪ್ಪಟ ನಲ್ಲಿ ನೀರು."

"ಕಕ್ಕಸಿನ ಬಕೆಟ್ ಕುಡಿದು ಫೋಟೋ ಹಾಕಿದ್ರೆ ನನ್ನನ್ನ ಬೇರೆ ಆಸ್ಪತ್ರೆಗೇ ಸೇರಿಸ್ತಾರೆ ಸಾರ್."

"ಹಾಗಾದ್ರೆ ಬೇರೆ ಮನೆಗಳಲ್ಲಿ ನೋಡಿ."

ಬೇರೆ ಮನೆಗಳಲ್ಲಿ ನೋಡಿದರು. ವಾಗೀಶರ ಮನೆಯಲ್ಲಿ ನಿಂಬೆಹಣ್ಣಿನ ಪಾನಕ ಕೊಟ್ಟರು, ಅದರ ಪಕ್ಕದ ಮನೆಯಲ್ಲಿ ನೀರುಮಜ್ಜಿಗೆ, ಮಂಗಳಮ್ಮನವರ ಜಗಲಿಯಲ್ಲಿ ಕಾಫಿ. ಎಲ್ಲರೂ ತಮ್ಮ ತಮ್ಮ ಟ್ಯಾಂಕರಿನ ನೀರನ್ನು ತಳ ಕೆರೆದು ಸುರಿದಿದ್ದರು. "ನಲ್ಲೀದೇನಾ?" ಎಂದು ದಿಲೀಪ್ ಕೇಳಿದಲ್ಲೆಲ್ಲ "ಅಯ್ಯೋ, ಇನ್ನೆಲ್ಲೀದು ಸ್ವಾಮೀ" ಎಂಬ ವಿನಯ ಎದುರಾಯಿತು. ತಮ್ಮ ಮನೆಯ ನೀರು ಕೆಟ್ಟದ್ದೆಂದು ಹೊರಗಿನವರೆದುರು ಮೊದಲು ಬಾಯಿಬಿಡುವ ಮನೆ ಯಾವುದು? ಆ ಓಣಿಯಲ್ಲಿ ಅಂಥ ಮನೆ ಒಂದೇ ಇತ್ತು. ಅದರ ಯಜಮಾನನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ.

ತಿರುಗಿ ಸುಂದರೇಶನ ಮನೆಗೆ ಬಂದು ದಿಲೀಪ್ ಮೊಬೈಲು ತೆಗೆದರು. "ಇದೊಂದು ಕೇಳ್ಲೇಬೇಕು. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ? ವಾಂತಿ, ಭೇದಿ, ಕಾಮಾಲೆ?"

ಸುಂದರೇಶ ಬಾಯಿ ತೆರೆದ. ಅವನಿಗಿಂತ ಮುಂಚೆ ಬಾಗಿಲ ಮರೆಯಿಂದ ಭಾನುಮತಿಯ ದನಿ ಬಂತು. "ಯಾರಿಗೂ ಏನಿಲ್ಲ."

"ಭಾನೂ!"

"ನೀವು ಸುಮ್ನಿರ್ರೀ," ಎಂದಳು ಅವಳು, ಗಂಡನಿಗೆ ಮಾತ್ರ ಕೇಳುವಂತೆ. "ಬನ್ನಿಮಂಟಪದೋರು ಜಾತಕ ತಗೊಂಡು ಹೋಗಿದಾರೆ. ಇಷ್ಟು ಜನದ ಮುಂದೆ ಹುಡುಗಿಗೆ ಕಾಯಿಲೆ ಅಂತ ಹೇಳ್ತೀರಾ? ಕಾಯಿಲೆ ವಾಸಿಯಾಗತ್ತೆ, ಮಾತು ವಾಸಿಯಾಗಲ್ಲ."

ಅದೇ ಹೊತ್ತಿಗೆ ಗೋಡೆ ಹಿಡಿದುಕೊಂಡು ಅಪೂರ್ವ ಬಾಗಿಲಿಗೆ ಬಂದಳು. ತುಟಿ ಒಣಗಿತ್ತು. "ಅಪ್ಪಾ, ಒಂಚೂರು ನೀರು."

ಓಣಿ ಒಂದು ಕ್ಷಣ ಉಸಿರು ಹಿಡಿಯಿತು. ಮಂಗಳಮ್ಮನವರೇ ಮೊದಲು ಬಿಟ್ಟದ್ದು. "ಶುಕ್ರವಾರ ನೋಡಿ, ಹುಡುಗಿ ಅರಿಶಿನ ಹಚ್ಕೊಂಡು ಎರಕೊಂಡಿದಾಳೆ."

ದಿಲೀಪ್ ಹುಡುಗಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಕಣ್ಣೊಳಗೂ ಹಚ್ಚಿದೀರಾ ಅಮ್ಮಾ?"

ಭಾನುಮತಿ ಮಗಳನ್ನು ಹಿಂದಕ್ಕೆ ಎಳೆದುಕೊಂಡು, ಬೇಡವೆಂದು ಗಂಡನಿಗೆ ಕಣ್ಸನ್ನೆ ಮಾಡಿದಳು. ದಿಲೀಪ್ ಸುಂದರೇಶನ ಮುಖ ನೋಡಿ, ಸುತ್ತ ನಿಂತವರ ಮುಖ ನೋಡಿ, ಕೊನೆಗೆ ಮೊಬೈಲಿನ ಮುಖ ನೋಡಿ ಹೆಬ್ಬೆರಳು ಒತ್ತಿದರು. ಸುಂದರೇಶನ ಜೇಬಿನಲ್ಲಿ ಸಂದೇಶ ಬಂದ ಸದ್ದಾಯಿತು. ಅವನು ತೆಗೆದು ನೋಡಲಿಲ್ಲ. ಒಕ್ಕಣೆ ಅವನಿಗೆ ಬಾಯಿಪಾಠವಾಗಿತ್ತು.

ವಾಗೀಶರು ಭಾಷಣ ಶುರುಮಾಡಿದರು. ಸುಂದರೇಶ ಕೊಳಗ ಎತ್ತಿಕೊಂಡು ಓಣಿಯ ತುದಿಗೆ ಓಡಿದ. ಟ್ಯಾಂಕರ್ ಆಗಷ್ಟೇ ಬಂದು ನಿಂತಿತ್ತು. ಡ್ರೈವರ್ ಚಿಕ್ಕಯ್ಯ ಪೈಪು ಬಿಚ್ಚಿ ಕೊಳಗಕ್ಕೆ ಇಟ್ಟ. ನೀರು ತಳ ಮುಟ್ಟುವ ಮುಂಚೆಯೇ ಅವನ ಫೋನು ಕೂಗಿತು. ಒಂದು ಕೈಯಲ್ಲಿ ಫೋನು ಹಿಡಿದು ಆಲಿಸಿದ, ಇನ್ನೊಂದು ಕೈಯಲ್ಲಿ ತಿರುಪು ಮುಚ್ಚಿದ.

"ಯಾಕಪ್ಪಾ?"

"ನಿಮ್ ಬೀದಿ ನೀರು ಭಾಳ ಚೆಂದಾಗದಂತೆ ಸಾ. ಸಾಹೇಬ್ರು ಕುಡ್ದು ಫೋಟೋ ಹಾಕವ್ರಂತೆ. ಟ್ಯಾಂಕರ್ ಅಂಗೇ ವಾಪಸ್ ತತ್ತಾ ಅಂದ್ರು." ಚಿಕ್ಕಯ್ಯ ಪೈಪು ಸುತ್ತಿಕೊಂಡ. "ಚೆಂದಾಗಿರೋ ನೀರು ಮಡಿಕಂಡು ಇಷ್ಟ್ ದಿನ ಯಾಕ್ ಸಾ ನನ್ ಕಾಯಿಸ್ತಿದ್ರಿ?"

ಟ್ಯಾಂಕರ್ ಹಿಂದಕ್ಕೆ ಹೊರಟಿತು. ಅದರ ಬಾಲದಿಂದ ತೊಟ್ಟಿಕ್ಕಿದ ನೀರು ರಸ್ತೆಯ ಮೇಲೆ ಉದ್ದನೆಯ ಗೆರೆ ಎಳೆಯಿತು. ಆ ಗೆರೆಯನ್ನು ನಾಯಿಯೊಂದು ನೆಕ್ಕಿತು. ಸುಂದರೇಶ ನಾಯಿಯನ್ನು ನೋಡಿ ಅಸೂಯೆಪಟ್ಟ.

ಓಣಿಗೆ ಮರಳಿದಾಗ ಭಾಷಣ ಮುಗಿದು ಚಪ್ಪಾಳೆ ಬೀಳುತ್ತಿತ್ತು. ದಿಲೀಪರೂ ಮನುಷ್ಯರೇ. ಪಾನಕ, ಮಜ್ಜಿಗೆ, ಕಾಫಿ, ಹಾರ ಎಲ್ಲ ಆದ ಮೇಲೆ ಏನಾದರೂ ಕೊಡಬೇಕು ಅನ್ನಿಸಿತ್ತು. "ಮೂಗಯ್ಯ, ಈ ಬೀದಿಗೆ ಇವತ್ತು ಇನ್ನೊಂದು ಸಲ ನೀರು ಬಿಡಪ್ಪ," ಎಂದರು. "ಇಷ್ಟು ಒಳ್ಳೆ ಜನ."

"ಈಗ್ಲೇಯಾ ಸಾ?" ಎಂದು ಮೂಗಯ್ಯ ಒಂದು ಸಲ ಕೇಳಿದ. ಎರಡನೆಯ ಸಲ ಕೇಳುವುದು ಅವನ ಕೆಲಸವಲ್ಲ. ಹೋಗಿ ವಾಲ್ವ್ ತಿರುಗಿಸಿದ.

ನಲ್ಲಿಗಳು ಮನೆಮನೆಯ ಅಂಗಳದಲ್ಲಿ ಒಟ್ಟಿಗೆ ಗಂಟಲು ಸರಿಮಾಡಿಕೊಂಡವು. ಒಟ್ಟಿಗೆ ಆಲಾಪ ತೆಗೆದವು. ಆಮೇಲೆ ಬಂತು. ಬೆಳಗಿನದು ಬರೀ ಸಾರು, ಇದು ಗಸಿ. ರಂಗೋಲಿಯ ಮೇಲೆ ಹರಿಯಿತು, ತೋರಣದ ಕೆಳಗೆ ಹರಿಯಿತು. ಫಿನೈಲಿನ ವಾಸನೆ ಬಾಲ ಮುದುರಿಕೊಂಡು ಓಡಿಹೋಯಿತು. ವಾಗೀಶರು ಜರಿಶಾಲನ್ನು ಮೂಗಿಗೆ ಒತ್ತಿಕೊಂಡರು. ಮಂಗಳಮ್ಮನವರು ಜಗಲಿ ಬಿಟ್ಟು ಒಳಗೆ ಹೋಗಿ ಕದ ಮುಚ್ಚಿದರು. ಮತ್ತೆ ಏನಾಗುತ್ತದೆಂದು ನೋಡದೆ ಇರಲಾರದೆ ಅರ್ಧ ಕದ ತೆರೆದರು.

ಸುಂದರೇಶ ಒಂದು ಲೋಟ ಹಿಡಿದ. ಬೈಕು ಏರುತ್ತಿದ್ದ ದಿಲೀಪರ ಮುಂದೆ ಹೋಗಿ ನಿಂತ.

"ಇದು ನಮ್ಮ ನೀರು ಸಾರ್. ನೀವು ಕುಡಿದಿದ್ದು ಟ್ಯಾಂಕರಿಂದು. ನನ್ನ ಮಗಳಿಗೆ ಅಂತ ಇಟ್ಟಿದ್ದು."

"ಗೊತ್ತಾಯ್ತು ಸಾರ್," ಎಂದರು ದಿಲೀಪ್, ಕರವಸ್ತ್ರದ ಒಳಗಿಂದ. "ಆದ್ರೆ ನಾನೇನು ಮಾಡ್ಲಿ? ದೂರು ಮುಚ್ಚಿದ್ದು ನಾನಲ್ಲ, ಫೋಟೋ. ನಾನು ನಗ್ತಾ ಕುಡೀತಿದೀನಿ, ಬೀದಿಯೆಲ್ಲ ಪಕ್ಕದಲ್ಲಿ ನಿಂತಿದೆ. ಈಗ ಹೋಗಿ ಕೆಟ್ಟಿದೆ ಅಂದ್ರೆ ಮೇಲಿನೋರು ಮೊದಲು ಕೇಳೋದು ನನ್ನನ್ನ. ಹೊಸದಾಗಿ ದೂರು ಕೊಡಿ. ಸರದಿ ಬಂದಾಗ ಬರ್ತೀನಿ."

"ಅಲ್ಲೀವರೆಗೂ ಟ್ಯಾಂಕರ್ ಬರಲ್ಲ."

"ಬರಲ್ಲ."

"ಒಳಗೆ ಒಂದು ತೊಟ್ಟು ಒಳ್ಳೆ ನೀರಿಲ್ಲ ಸಾರ್. ಹುಡುಗಿ ಕೇಳ್ತಿದಾಳೆ."

ದಿಲೀಪ್ ಜೇಬಿನಲ್ಲಿ ಬೈಕಿನ ಕೀಲಿ ಹುಡುಕಿದರು.

ಸುಂದರೇಶನಿಗೆ ಆಗ ಜೀವಮಾನದಲ್ಲಿ ಮೊದಲ ಸಲ ದನಿ ಬಂತು. ಓಣಿಯ ಎರಡೂ ತುದಿಗೆ ಕೇಳಿಸಿತು. ಅವನಿಗೇ ಅದು ಬೇರೆ ಯಾರದೋ ಅನ್ನಿಸಿತು.

"ಹಾಗಾದ್ರೆ ಒಂದು ಮಾತು ನಡೆಸ್ಕೊಡಿ. ಇದನ್ನ ಒಂದು ಗುಟುಕು ಕುಡೀರಿ. ಕುಡಿದ್ಬಿಟ್ರೆ ನಾನು ಇನ್ಯಾವತ್ತೂ ದೂರು ಕೊಡಲ್ಲ. ಆಗಲ್ಲ ಅಂದ್ರೆ, ಕುಡಿಯೋಕೆ ಆಗ್ಲಿಲ್ಲ ಅಂತ ಈಗ್ಲೇ ಇಲ್ಲೇ ಬರೆದು ಕಳಿಸಿ. ಎರಡ್ರಲ್ಲಿ ಯಾವುದಾದ್ರೂ ಒಂದು."

"ಪಾಪ, ಅಷ್ಟು ಬಲವಂತ ಮಾಡ್ಬೇಡ ಕಣೋ," ಎಂದರು ಮಂಗಳಮ್ಮನವರು ಅರ್ಧ ಕದದಿಂದ. "ಈಗ ತಾನೇ ಕಾಫಿ ಕುಡಿದಿದಾರೆ."

ದಿಲೀಪ್ ಲೋಟವನ್ನು ನೋಡಿದರು. ಕತ್ತಿನ ಹಾರವನ್ನು ತೆಗೆದು ಬೈಕಿನ ಹಿಡಿಗೆ ಸಿಕ್ಕಿಸಿದರು. ಹೆಲ್ಮೆಟ್ ಹಾಕಿಕೊಂಡು, ಕೊಂಡಿ ಬಿಗಿದು, ಗಾಜು ಮೇಲೆತ್ತಿ, ಬಹಳ ಮೃದುವಾಗಿ ಹೇಳಿದರು:

"ಎರಡೂ ಮಾಡಲ್ಲ ಸಾರ್."